ಪಾವು: ಚಿಕ್ಕಪ್ಪನ ಹಾಲಿನ ಲೆಕ್ಕಕ್ಕೆ ಕಟ್ಟಿದ ಪುಟ್ಟ ಭಾಷೆ

ನಮ್ಮ ಚಿಕ್ಕಪ್ಪ ಊರಿನ 22 ಮನೆಗಳಿಂದ ಹಾಲು ತಗೊಂಡು ಪಟ್ಟಣದ ನಾಲ್ಕು ಹೋಟೆಲ್‌ಗಳಿಗೆ ವರ್ತನೆ ಹಾಕುತ್ತಾರೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಎಲ್ಲರ ಹಾಲಿಗೂ ಒಂದೇ ರೇಟ್ ಇಲ್ಲ. ಪುಟ್ಟ ಮೆಷಿನ್‌ನಲ್ಲಿ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ, ಗೋಡೆಗೆ ಅಂಟಿಸಿದ ರೇಟ್ ಚಾರ್ಟ್ ಪ್ರಕಾರ ದರ ಹಾಕಬೇಕು. ಹಸುವಿಗೆ ಒಂದು ಚಾರ್ಟ್, ಎಮ್ಮೆಗೆ ಇನ್ನೊಂದು. ಕೊನೆಗೆ ಹಿಂಡಿ, ಬೂಸಾಗೆ ಕೊಟ್ಟ ಮುಂಗಡ ಕಳೆಯಬೇಕು.

ಇದಕ್ಕೆ ಎರಡು ವರ್ಷದ ಹಿಂದೆ ನಾನೇ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟಿದ್ದೆ. ಒಂದು ಸೆಲ್ಲಿನೊಳಗೆ ಇಫ್ (‘ಹೀಗಿದ್ದರೆ ಹೀಗೆ ಮಾಡು’ ಎಂಬ ಷರತ್ತು), ಅದರೊಳಗೆ ಇನ್ನೊಂದು ಇಫ್, ಹೀಗೆ ಒಟ್ಟು ಒಂಬತ್ತು. ಈ ಬೇಸಿಗೆಯಲ್ಲಿ ರೇಟ್ ಬದಲಾಯಿತು. ಚಿಕ್ಕಪ್ಪ ತಾವೇ ತಿದ್ದಲು ಹೋದರು. ಒಂದು ಬ್ರಾಕೆಟ್ ಜಾಗ ಬದಲಾಯಿಸಿತು. ನಾಲ್ಕು ಮನೆಯವರ ಹದಿನೈದು ದಿನದ ದುಡ್ಡು ತಪ್ಪಿತು. ಜಗಳ ಆಗಲಿಲ್ಲ. ಆದರೆ ಚಿಕ್ಕಪ್ಪ ಮತ್ತೆ ಕೈಬರಹದ ಪುಸ್ತಕಕ್ಕೆ ವಾಪಸ್ ಹೋದರು. ತಪ್ಪು ನನ್ನದು. ಓದಲಾಗದ ಲೆಕ್ಕ ಬರೆದುಕೊಟ್ಟು ತಿದ್ದಿಕೊಳ್ಳಿ ಅಂದರೆ ಹೇಗೆ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಬಹುದಿತ್ತಲ್ವಾ ಅಂತ ಕೇಳಬಹುದು. ಚಿಕ್ಕಪ್ಪನಿಗೆ ಬೇಕಿದ್ದದ್ದು ಗೋಡೆಯ ಚಾರ್ಟನ್ನು ಕಂಪ್ಯೂಟರಿಗೆ ಹೇಳುವ ದಾರಿ, ಅಷ್ಟೇ. ಮತ್ತೆ, ನಿಜ ಹೇಳಬೇಕೆಂದರೆ, ಒಂದು ಭಾಷೆ ಕಟ್ಟಿ ನೋಡಬೇಕು ಅಂತ ನನಗೆ ಬಹಳ ದಿನದ ಆಸೆ ಇತ್ತು. ಹೆಸರು ಮೊದಲ ದಿನವೇ ಸಿಕ್ಕಿತು: ಪಾವು. ಹಳೇ ಅಳತೆ, ಚಿಕ್ಕದು. ಚಿಕ್ಕದಾಗಿಯೇ ಇರಬೇಕು ಎಂಬ ಷರತ್ತೂ ಹೆಸರಿನಲ್ಲೇ ಬಂತು.

ಲೂಆ ಎಂಬ ಭಾಷೆಯ ಹುಟ್ಟೂ ಸುಮಾರು ಹೀಗೇ. 1993ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೊದ ವಿಶ್ವವಿದ್ಯಾಲಯವೊಂದರ ಟೆಕ್‌ಗ್ರಾಫ್ ಲ್ಯಾಬ್‌ನಲ್ಲಿ ಮೂವರು ಸೇರಿ ಅದನ್ನು ಮಾಡಿದರು. ಅದಕ್ಕೂ ಮುಂಚೆ ಪೆಟ್ರೋಬ್ರಾಸ್ ತೈಲ ಕಂಪನಿಯ ಎಂಜಿನಿಯರ್‌ಗಳಿಗಾಗಿ ಡೆಲ್, ಸೋಲ್ ಎಂಬ ಎರಡು ಪುಟಾಣಿ ಭಾಷೆಗಳಿದ್ದವು. ಡೆಲ್ ಇದ್ದದ್ದು ಬರೀ ಡೇಟಾ ತುಂಬುವ ಫಾರ್ಮ್ ವಿವರಿಸಲು. ಬಳಸುವವರು ಕ್ರಮೇಣ ಷರತ್ತು ಬೇಕು, ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ದಾರಿ) ಬೇಕು ಅನ್ನತೊಡಗಿದರು. ಕೊನೆಗೆ ಎರಡನ್ನೂ ಬಿಟ್ಟು ಒಂದೇ ಭಾಷೆ ಮಾಡಿದರು. ಪೋರ್ಚುಗೀಸಿನಲ್ಲಿ ಸೋಲ್ ಅಂದರೆ ಸೂರ್ಯ, ಲೂಆ ಅಂದರೆ ಚಂದ್ರ. ಡೆಲ್‌ಗೆ ಆದದ್ದೇ ಪಾವಿಗೂ ಆಗಬಹುದು ಅಂತ ಆಗಲೇ ಅನ್ನಿಸಿತ್ತು. ಆಯಿತು ಕೂಡ.

ಮೊದಲ ಶನಿವಾರ: ‘ಹಾಲು’ ಒಡೆಯಿತು

ಪಾವಿನಲ್ಲಿ ಬರೆದದ್ದನ್ನು ಓದಿ ನಡೆಸುವ ಪ್ರೋಗ್ರಾಮ್, ಅಂದರೆ ಇಂಟರ್‌ಪ್ರಿಟರನ್ನು ಪೈಥಾನ್‌ನಲ್ಲಿ ಬರೆದೆ. ಮೂರೇ ಭಾಗ: ಅಕ್ಷರಗಳನ್ನು ಟೋಕನ್ (ಪದ, ಸಂಖ್ಯೆ, ಗುರುತಿನ ತುಂಡು) ಮಾಡುವ ಲೆಕ್ಸರ್, ಟೋಕನ್‌ನಿಂದ ಮರ ಕಟ್ಟುವ ಪಾರ್ಸರ್, ಆ ಮರದ ಮೇಲೆ ಓಡಾಡಿ ಲೆಕ್ಕ ಹಾಕುವ ಭಾಗ. ಮೊದಲು ಕೊಟ್ಟ ಪ್ರೋಗ್ರಾಮ್ ಒಂದೇ ಸಾಲು:

ಹಾಲು = 4.5

ಬಂದ ಉತ್ತರ: ‘ಗೊತ್ತಿಲ್ಲದ ಅಕ್ಷರ: ಾ’.

ಹೆಸರು ಎಲ್ಲಿ ಮುಗಿಯುತ್ತದೆ ಅಂತ ನೋಡಲು ಪೈಥಾನ್‌ನ ‘ಇಸ್‌ಆಲ್ಫಾ’ ಬಳಸಿದ್ದೆ. ಅದು ‘ಹ’ ಅಕ್ಷರ ಹೌದು ಅನ್ನುತ್ತದೆ. ದೀರ್ಘದ ಗುರುತನ್ನು ಅಕ್ಷರ ಅಲ್ಲ ಅನ್ನುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಕಾಗುಣಿತದ ಗುರುತುಗಳು ಬೇರೆ ಗುಂಪು, ಅಕ್ಷರಕ್ಕೆ ಅಂಟಿಕೊಳ್ಳುವ ‘ಮಾರ್ಕ್’ಗಳು. ಹಾಗಾಗಿ ನನ್ನ ಲೆಕ್ಸರ್ ಪ್ರತಿ ಕನ್ನಡ ಪದವನ್ನೂ ಮೊದಲ ಕಾಗುಣಿತದಲ್ಲೇ ಮುರಿದು ಹಾಕುತ್ತಿತ್ತು. ಅಕ್ಷರವಾದರೂ ಸರಿ, ಮಾರ್ಕ್ ಆದರೂ ಸರಿ ಅಂತ ಬದಲಾಯಿಸಿದೆ. ಹಾಲು ಸರಿಹೋಯಿತು.

ಅದಕ್ಕಿಂತ ಕೆಟ್ಟದ್ದು ಮರುವಾರ ಬಂತು. ಚಿಕ್ಕಪ್ಪ ಫೋನಿನಲ್ಲಿ ಎರಡು ಸಾಲು ಟೈಪ್ ಮಾಡಿ ವಾಟ್ಸಾಪ್ ಮಾಡಿದರು. ನಾನು ಅದನ್ನು ಲ್ಯಾಪ್‌ಟಾಪ್‌ನಲ್ಲಿದ್ದ ಫೈಲಿಗೆ ಅಂಟಿಸಿದೆ. ‘ಎಸ್‌ಎನ್‌ಎಫ್ ಅಂತ ಯಾವ ಹೆಸರೂ ಇಲ್ಲ’ ಅಂತ ಬೈಗುಳ. ಮೇಲಿನ ಸಾಲಿನಲ್ಲೇ ಇದೆಯಲ್ಲ, ಕಣ್ಣಿಗೆ ಕಾಣ್ತಿದೆ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಎರಡು ಪದಗಳ ಉದ್ದ ಪ್ರಿಂಟ್ ಮಾಡಿದೆ. ಒಂದರಲ್ಲಿ ಎರಡು ಅಕ್ಷರ ಜಾಸ್ತಿ. ಫೋನಿನ ಕೀಬೋರ್ಡ್ ‘ಸ್’, ‘ನ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸಿತ್ತು. ರಾಜ್‌ಕುಮಾರ್ ಅಂತ ಬರೆಯುವಾಗ ‘ಜ’ಗೆ ‘ಕ’ ಒತ್ತಾಗದಂತೆ ತಡೆಯುತ್ತದಲ್ಲ, ಅದೇ ಗುರುತು. ಇಲ್ಲಿ ಮುಂದೆ ‘ಎ’ ಇರುವುದರಿಂದ ಒತ್ತಾಗುವ ಪ್ರಶ್ನೆಯೇ ಇಲ್ಲ. ಗುರುತು ಇದ್ದರೂ ಇಲ್ಲದಿದ್ದರೂ ಪರದೆ ಮೇಲೆ ಒಂದೇ ರೂಪ.

ಹೆಸರುಗಳಿಂದ ಆ ಗುರುತನ್ನು ಕಿತ್ತುಹಾಕಿಯೇ ಹೋಲಿಸು ಅಂತ ಮಾಡಿದೆ. ‘ಕೊ’ ಅನ್ನುವುದನ್ನೂ ಯೂನಿಕೋಡ್‌ನಲ್ಲಿ ಎರಡು ರೀತಿ ಕೂಡಿಸಬಹುದು. ಅದನ್ನೂ ಒಂದೇ ರೂಪಕ್ಕೆ ತರುವ ಸಾಲು ಸೇರಿಸಿದೆ. ಬಳಸುವವರ ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ಆದರೆ ಇದಿಲ್ಲದೆ ಭಾಷೆ ಎಷ್ಟು ಚಿಕ್ಕದಿದ್ದರೂ ಕೆಲಸಕ್ಕೆ ಬಾರದು.

ಕನ್ನಡ ಅಂಕಿ ಮಾತ್ರ ಬಿಟ್ಟಿ ಸಿಕ್ಕಿತು. ಪೈಥಾನ್ ‘೪.೫’ ಅನ್ನೂ ಸಂಖ್ಯೆ ಅಂತಲೇ ಓದುತ್ತದೆ.

‘ಆದರೆ’ ಎಲ್ಲಿ ಬರಬೇಕು?

ಮೊದಲ ರೂಪದಲ್ಲಿ ಷರತ್ತು ಹೀಗಿತ್ತು: ‘ಒಂದುವೇಳೆ ಫ್ಯಾಟ್ < 3.5’. ಇಂಗ್ಲಿಷಿನ ಇಫ್ ಜಾಗದಲ್ಲಿ ಕನ್ನಡ ಪದ ಕೂರಿಸಿದ್ದೆ. ಚಿಕ್ಕಪ್ಪನಿಗೆ ತೋರಿಸಿದಾಗ ಜೋರಾಗಿ ಓದಿದರು. ‘ಒಂದುವೇಳೆ ಫ್ಯಾಟ್ ಮೂರೂವರೆಗಿಂತ ಕಡಿಮೆ...’ ಅಂತ ನಿಲ್ಲಿಸಿ ನನ್ನ ಮುಖ ನೋಡಿದರು. ‘ಕಡಿಮೆ ಏನು? ಮಾತು ಮುಗೀಲೇ ಇಲ್ವಲ್ಲೋ.’

ಹೌದಲ್ಲ. ನಮ್ಮ ಮಾತಿನಲ್ಲಿ ಕ್ರಿಯೆ ಕೊನೆಗೆ. ಷರತ್ತೂ ಕೊನೆಗೆ. ಹಾಗಾಗಿ ತಿರುಗಿಸಿದೆ:

ಫ್ಯಾಟ್ < 3.5 ಆದರೆ
  ದರ = ದರ - 1
ಇಲ್ಲದಿದ್ದರೆ
  ದರ = ದರ + 0.50
ಮುಗಿಯಿತು
ದರ * ಲೀಟರ್ ಬರೆ

ಪಾರ್ಸರ್ ಕಷ್ಟ ಆಗುತ್ತದೆ ಅಂತ ಹೆದರಿದ್ದೆ. ಸಾಲಿನ ಮೊದಲ ಪದ ನೋಡಿ ಇದು ಷರತ್ತೋ ಪ್ರಿಂಟೋ ಅಂತ ಹೇಳಲು ಇನ್ನು ಆಗುವುದಿಲ್ಲವಲ್ಲ. ಆದರೆ ಸುಲಭವಾಗಿಯೇ ಆಯಿತು. ಮೊದಲು ಒಂದು ಲೆಕ್ಕ ಓದು, ಆಮೇಲೆ ಮುಂದಿನ ಒಂದು ಟೋಕನ್ ನೋಡು. ‘ಬರೆ’ ಇದ್ದರೆ ಪ್ರಿಂಟ್. ಹೋಲಿಕೆ ಗುರುತು ಇದ್ದರೆ ‘ಆದರೆ’ ತನಕ ಓದು. ಹತ್ತು ಸಾಲು ಬದಲಾಯಿಸಿದ್ದು, ಅಷ್ಟೇ.

ಪೈಥಾನ್ ತರಹ ಸಾಲಿನ ಮುಂದೆ ಜಾಗ ಬಿಟ್ಟು ಒಳಗು-ಹೊರಗು ತೋರಿಸೋಣ ಅಂತ ಇತ್ತು. ಫೋನಿನಲ್ಲಿ ಟೈಪ್ ಮಾಡುವವರಿಗೆ ಅದು ಹಿಂಸೆ. ‘ಮುಗಿಯಿತು’ ಒಂದು ಪದ ಜಾಸ್ತಿ, ಆದರೆ ಕಣ್ಣಿಗೆ ಕಾಣುತ್ತದೆ. ‘ಇಲ್ಲದಿದ್ದರೆ’ ಎಂಬುದು ಯಾವ ‘ಆದರೆ’ಗೆ ಸೇರಿದ್ದು ಎಂಬ ತಕರಾರು ಆಲ್ಗಾಲ್ 60 ಎಂಬ ಹಳೇ ಭಾಷೆಯ ಕಾಲದಿಂದ ಇದೆ. ‘ಮುಗಿಯಿತು’ ಇದ್ದ ಮೇಲೆ ಅದೂ ಹೋಯಿತು.

ಎರಡು ವಾರಾಂತ್ಯ ಹಾಳಾದದ್ದು

ಇಲ್ಲಿ ನನಗೆ ಹುಚ್ಚು ಹಿಡಿಯಿತು. ‘ಆದರೆ’ ಅಷ್ಟು ಚೆನ್ನಾಗಿ ಕೂತಿತಲ್ಲ, ‘<’ ಯಾಕೆ ಇರಬೇಕು? ‘ಫ್ಯಾಟ್ 3.5ಕ್ಕಿಂತ ಕಡಿಮೆ ಆದರೆ’ ಅಂತ ನೇರ ಕನ್ನಡವೇ ಬರೆಯುವಂತೆ ಮಾಡಿದರೆ ಹೇಗೆ? ‘ದರಕ್ಕೆ 2 ಸೇರಿಸು’, ‘ದರದಿಂದ 1 ಕಳೆ’. ಓದಲು ಎಷ್ಟು ಚಂದ!

ಈ ಆಸೆ ಹೊಸದೇನಲ್ಲ. 1959ರಲ್ಲಿ ಕೋಬಾಲ್ ಮಾಡಿದವರೂ ಆಫೀಸಿನವರಿಗೆ ಅರ್ಥವಾಗಲಿ ಅಂತ ಇಂಗ್ಲಿಷ್ ವಾಕ್ಯದಂತೆಯೇ ಬರೆಯುವ ಭಾಷೆ ಮಾಡಿದರು. ಕೂಡುವುದಕ್ಕೆ ‘ಆಡ್’, ಎಷ್ಟಕ್ಕೆ ಎನ್ನಲು ‘ಟು’, ಉತ್ತರ ಎಲ್ಲಿಗೆ ಎನ್ನಲು ‘ಗಿವಿಂಗ್’. ಮೀಸಲು ಪದಗಳ (ಭಾಷೆಯೇ ತನಗಾಗಿ ಇಟ್ಟುಕೊಂಡ ಪದಗಳು, ಕೀವರ್ಡ್) ಪಟ್ಟಿ ನೂರುಗಟ್ಟಲೆ ಬೆಳೆಯಿತು. ಗೂಗಲ್‌ನವರ ಗೋ ಭಾಷೆಯಲ್ಲಿ ಇರುವುದು 25.

ಇಂಗ್ಲಿಷಿನಲ್ಲಾದರೂ ಹೆಸರು ಹಾಗೇ ಇದ್ದು ಪಕ್ಕದಲ್ಲಿ ಇನ್ನೊಂದು ಪದ ಬರುತ್ತದೆ. ನಮ್ಮಲ್ಲಿ ಹೆಸರೇ ರೂಪ ಬದಲಾಯಿಸುತ್ತದೆ. ದರ ದರಕ್ಕಿಂತ ಆಗುತ್ತದೆ. ಎಮ್ಮೆ ಎಮ್ಮೆಗಿಂತ. ಹಾಲು ಹಾಲಿಗಿಂತ. ಫ್ಯಾಟ್‌ಗೆ ಬರೀ ‘ಗಿಂತ’. ಸರಿ, ಪದದ ಬಾಲ ಕತ್ತರಿಸುವ ಕೋಡ್ ಬರೆದೆ. ‘ಕ್ಕಿಂತ’ ಇದ್ದರೆ ಕತ್ತರಿಸು. ‘ಗಿಂತ’ ಇದ್ದರೆ ಕತ್ತರಿಸು, ಹಿಂದೆ ‘ಇ’ಕಾರ ಇದ್ದರೆ ‘ಉ’ಕಾರ ಮಾಡಿ ನೋಡು. ‘ಕ್ಕೆ’, ‘ಗೆ’, ‘ದಿಂದ’, ‘ಇಂದ’, ಎಲ್ಲಕ್ಕೂ ಹೀಗೇ. ಲೆಕ್ಸರ್ 60 ಸಾಲಿನಿಂದ 210 ಸಾಲಾಯಿತು. ಇಡೀ ಇಂಟರ್‌ಪ್ರಿಟರ್‌ನಲ್ಲಿ ಅದೇ ದೊಡ್ಡ ಭಾಗ.

ಆಮೇಲೆ ಚಿಕ್ಕಪ್ಪ ಬಾಕಿ ಲೆಕ್ಕಕ್ಕೆ ‘ಹಾಲಿ’ ಅಂತ ಒಂದು ಹೆಸರಿಟ್ಟರು. ಹಾಲಿ ಬಾಕಿ, ಹಿಂದಿನ ಬಾಕಿ ಅನ್ನುತ್ತೇವಲ್ಲ, ಆ ಹಾಲಿ. ಈಗ ‘ಹಾಲಿಗಿಂತ’ ಅಂದರೆ ಹಾಲು ಅನ್ನುವುದಕ್ಕಿಂತಲೋ, ಹಾಲಿ ಅನ್ನುವುದಕ್ಕಿಂತಲೋ? ಮನುಷ್ಯರಿಗೆ ಸಂದರ್ಭ ನೋಡಿ ತಿಳಿಯುತ್ತದೆ. ನನ್ನ ಕೋಡ್ ಮೊದಲು ಕಂಡದ್ದನ್ನು ಹಿಡಿಯಿತು. ಲೀಟರ್ ಜಾಗದಲ್ಲಿ ಬಾಕಿ ಬಂತು. ಎರರ್ ಇಲ್ಲ, ಏನಿಲ್ಲ. ಸುಮ್ನೆ ತಪ್ಪು ಮೊತ್ತ.

ಅದನ್ನು ಏನಾದರೂ ಮಾಡಿ ಸರಿ ಮಾಡುತ್ತಿದ್ದೆನೇನೋ. ನನ್ನನ್ನು ನಿಲ್ಲಿಸಿದ್ದು ಇನ್ನೊಂದು ವಿಷಯ. ಚಿಕ್ಕಪ್ಪ ಒಂದು ದಿನ ಬರೆದರು: ‘ಫ್ಯಾಟ್ ಏನಾದ್ರೂ 3.5ರ ಒಳಗಿದ್ದರೆ’. ಓಡಲಿಲ್ಲ. ‘ಕನ್ನಡದಲ್ಲೇ ಬರೀಬಹುದು ಅಂದ್ಯಲ್ಲೋ?’ ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಮುಕ್ಕಾಲು ಕನ್ನಡ ಅರ್ಥವಾಗುವ ಭಾಷೆ ಕೊಟ್ಟರೆ, ಯಾವ ಕಾಲುಭಾಗ ಅರ್ಥವಾಗುವುದಿಲ್ಲ ಅಂತ ಬಳಸುವವರಿಗೆ ತಿಳಿಯುವುದು ಹೇಗೆ? ‘<’ ನೋಡಿದರೆ ಇದು ಲೆಕ್ಕ, ಮಾತಲ್ಲ ಅಂತ ಗೊತ್ತಾಗುತ್ತದೆ. ಶಾಲೆಯಲ್ಲಿ ಎಲ್ಲರೂ ನೋಡಿದ ಗುರುತು ಅದು.

ಭಾನುವಾರ ಸಂಜೆ 150 ಸಾಲು ಅಳಿಸಿದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಪೈಸೆ

154 ರೂಪಾಯಿ 12 ಪೈಸೆಯೋ, 13 ಪೈಸೆಯೋ? ಲೀಟರಿಗೆ 34.25ರಂತೆ ನಾಲ್ಕೂವರೆ ಲೀಟರ್ ಅಂದರೆ 154.125. ಪುಸ್ತಕದಲ್ಲಿ ಚಿಕ್ಕಪ್ಪ 13 ಹಾಕಿದ್ದರು. ಪಾವು 12 ಅಂದಿತು. ಪೈಥಾನ್‌ನ ‘ರೌಂಡ್’ ಸರಿಯಾಗಿ ಅರ್ಧಕ್ಕೆ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 2.5 ಕೊಟ್ಟರೆ 2 ಬರುತ್ತದೆ, 3.5 ಕೊಟ್ಟರೆ 4. ಅದಕ್ಕೊಂದು ಕಾರಣ ಇದೆ, ಆದರೆ ಹಾಲು ಹಾಕುವವರಿಗೆ ಆ ಕಾರಣ ಹೇಳಿ ಬದುಕುವುದುಂಟೇ? ಮಾಮೂಲಿ ಸಂಖ್ಯೆ ತೆಗೆದು, ದಶಮಾಂಶವನ್ನು ಬರೆದ ಹಾಗೇ ಇಟ್ಟುಕೊಳ್ಳುವ ಪೈಥಾನ್‌ನ ‘ಡೆಸಿಮಲ್’ ಹಾಕಿದೆ, ಅರ್ಧ ಬಂದರೆ ಮೇಲಕ್ಕೆ ಅಂತ ಇಟ್ಟೆ. 0.1ಕ್ಕೆ 0.2 ಕೂಡಿದರೆ 0.30000000000000004 ಬರುವ ಕಾಟವೂ ತಪ್ಪಿತು. ಪಾವಿನಲ್ಲಿ ಒಂದೇ ಬಗೆಯ ಸಂಖ್ಯೆ. ಪೂರ್ಣಾಂಕ ಬೇರೆ, ದಶಮಾಂಶ ಬೇರೆ ಅಂತ ಇಲ್ಲ. ನಿಧಾನ ಆಗುತ್ತದೆ, ಹೌದು. 22 ಮನೆಗೆ ಎರಡು ಹೊತ್ತಿನ ಹಾಲು. ಎಷ್ಟು ನಿಧಾನವಾದೀತು?

ಒಂದು ಕಿತ್ತಿದ್ದಕ್ಕೆ ಎರಡು ಬಂತು

ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟ ಭಾಗ ಇದು. ಚಿಕ್ಕಪ್ಪ ಬರೆದ ಎರಡು ಸಾಲಿನಿಂದ ಶುರುವಾಯಿತು:

ಬಗೆ = "ಎಮ್ಮೆ" ಆದರೆ
3.5 <= ಫ್ಯಾಟ್ < 4 ಆದರೆ

ಮೊದಲನೆಯದು ಓಡಲಿಲ್ಲ. ಹೋಲಿಸಲು ‘==’ ಹಾಕಬೇಕು, ‘=’ ಅಂದರೆ ಹೆಸರಿಗೆ ಬೆಲೆ ಕೊಡುವುದು ಅಂತ ವಿವರಿಸಿದೆ. ‘ಎರಡೂ ಸಮವೇ ತಾನೇ?’ ಅಂದರು. ಎರಡು ಸಲ ವಿವರಿಸಿದೆ. ಮೂರನೇ ಸಲ ನನಗೇ ನಾಚಿಕೆಯಾಯಿತು. ಸಿ ಭಾಷೆಯಲ್ಲಿ ‘==’ ಬದಲು ‘=’ ಬರೆದು ಪೆಟ್ಟು ತಿನ್ನದವರು ಯಾರಿದ್ದಾರೆ? ಪಾಸ್ಕಲ್ ಭಾಷೆ ಮಾಡಿದ ನಿಕ್ಲಾಸ್ ವಿರ್ತ್ ಅದರಲ್ಲಿ ಬೆಲೆ ಕೊಡಲು ‘:=’ ಇಟ್ಟು, ಹೋಲಿಸಲು ‘=’ ಬಿಟ್ಟಿದ್ದರು. 1964ರ ಬೇಸಿಕ್‌ನಲ್ಲಿ ಎರಡಕ್ಕೂ ‘=’.

ಎರಡನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಓಡಿತು. ಎಲ್ಲರಿಗೂ ಮೂರೂವರೆ ಫ್ಯಾಟಿನ ದರ ಬಂತು. ನನ್ನ ಇಂಟರ್‌ಪ್ರಿಟರ್ ಮೊದಲು ‘3.5 <= ಫ್ಯಾಟ್’ ನೋಡಿ ‘ಸರಿ’ ಅಥವಾ ‘ತಪ್ಪು’ ಎಂಬ ಉತ್ತರ ತಂದಿತು. ಆಮೇಲೆ ಆ ಉತ್ತರವನ್ನು 4ರ ಜೊತೆ ಹೋಲಿಸಿತು. ಪೈಥಾನ್ ಒಳಗೆ ‘ಸರಿ’ ಅಂದರೆ 1, ‘ತಪ್ಪು’ ಅಂದರೆ 0. ಎರಡೂ 4ಕ್ಕಿಂತ ಕಡಿಮೆಯೇ. ಆರು ಫ್ಯಾಟಿನ ಎಮ್ಮೆ ಹಾಲೂ ಈ ಸಾಲಿನಲ್ಲಿ ಪಾಸ್. ಸಿ ಭಾಷೆಯಲ್ಲೂ ಇದೇ ಗತಿ. ಪೈಥಾನ್‌ನಲ್ಲಿ ನೇರವಾಗಿ ಬರೆದರೆ ಇದು ಸರಿಯಾಗಿ ಕೆಲಸ ಮಾಡುತ್ತದೆ, ಎರಡು ಹೋಲಿಕೆಯನ್ನೂ ಬೇರೆ ಬೇರೆ ಮಾಡಿ ಕೂಡಿಸುತ್ತದೆ.

ಎರಡಕ್ಕೂ ಒಂದೊಂದು ತೇಪೆ ಹಾಕಲು ಕೂತೆ. ‘=’ಗೆ ತೇಪೆ ಹಾಕಿದರೆ ಈ ಸಾಲು ತಪ್ಪುತ್ತಿತ್ತು:

ಒಳ್ಳೆಯದು = ಫ್ಯಾಟ್ > 4 ಮತ್ತು ಎಸ್‌ಎನ್‌ಎಫ್ > 8

ಇಲ್ಲಿ ‘=’ ಬೆಲೆ ಕೊಡುವುದೋ ಹೋಲಿಸುವುದೋ? ಹಾಗೆ ನೋಡುತ್ತಾ ನೋಡುತ್ತಾ ಒಂದು ವಿಷಯ ಹೊಳೆಯಿತು. ಈ ತರಹದ ಸಾಲನ್ನು ಬರೆದದ್ದು ನಾನು, ಟೆಸ್ಟ್‌ಗಾಗಿ. ಚಿಕ್ಕಪ್ಪ ಒಮ್ಮೆಯೂ ಬರೆದಿಲ್ಲ. ‘ಸರಿ/ತಪ್ಪು’ ಎಂಬುದನ್ನು ಒಂದು ಹೆಸರಿನಲ್ಲಿ ಕಟ್ಟಿಡುವ ಅಭ್ಯಾಸ ಪ್ರೋಗ್ರಾಮರ್‌ಗಳದ್ದು. ಹಾಗಾದರೆ ಆ ಬಗೆಯ ಬೆಲೆಯೇ ಭಾಷೆಯಲ್ಲಿ ಬೇಡ. ಷರತ್ತು ‘ಆದರೆ’ ಮುಂಚೆ ಮಾತ್ರ ಬರಲಿ, ಬೇರೆಲ್ಲೂ ಬೇಡ.

ಅದನ್ನು ಕಿತ್ತ ತಕ್ಷಣ ಎರಡೂ ಗಂಟು ಬಿಚ್ಚಿದವು. ಹೆಸರು, ‘=’, ಲೆಕ್ಕ, ಆಮೇಲೆ ಸಾಲು ಮುಗಿದರೆ ಬೆಲೆ ಕೊಡುವುದು. ಸಾಲು ಮುಗಿಯದೆ ‘ಆದರೆ’, ‘ಮತ್ತು’, ‘ಅಥವಾ’ ಬಂದರೆ ಹೋಲಿಕೆ. ಕ್ರಿಯೆ ಕೊನೆಗೆ ಬರುವುದರಿಂದಲೇ ಇದು ಸಾಧ್ಯವಾಯಿತು, ನೋಡಿ. ‘3.5 <= ಫ್ಯಾಟ್ < 4’ ಕೂಡ ಒಂದೇ ಅರ್ಥಕ್ಕೆ ಬಂತು, ಯಾಕೆಂದರೆ ಮಧ್ಯದ ಉತ್ತರಕ್ಕೆ ಬೇರೆ ಅಸ್ತಿತ್ವವೇ ಇಲ್ಲ. ‘ಮತ್ತು’, ‘ಅಥವಾ’ ಒಂದೇ ಸಾಲಿನಲ್ಲಿ ಬೆರೆಸಿದರೆ ಬ್ರಾಕೆಟ್ ಹಾಕಿ ಅಂತ ಎರರ್ ಕೊಡುತ್ತೇನೆ. ಯಾವುದು ಮೊದಲು ಅಂತ ನನಗೂ ಒಮ್ಮೊಮ್ಮೆ ಅನುಮಾನ. ಅವರ ತಲೆಗೆ ಯಾಕೆ ಹಾಕಲಿ?

ಚಾರ್ಟ್

ಇಷ್ಟಾಗುವ ಹೊತ್ತಿಗೆ ಭಾಷೆ ನನ್ನ ಕಣ್ಣಿಗೆ ಮುದ್ದಾಗಿತ್ತು. ಲೂಪ್ ಇಲ್ಲ, ಪಟ್ಟಿ ಇಲ್ಲ, ಫಂಕ್ಷನ್ (ಒಮ್ಮೆ ಬರೆದು ಹೆಸರಿಟ್ಟು ಬೇಕಾದಾಗ ಕರೆಯುವ ಲೆಕ್ಕ) ಇಲ್ಲ. ಒಂದೊಂದು ಮನೆಯ ಸಾಲನ್ನೂ ಹೊರಗಿನ ಪೈಥಾನ್ ಕೋಡ್ ತಂದು ಕೊಡುತ್ತದೆ, ಪಾವು ಅದಕ್ಕೆ ದರ ಹೇಳುತ್ತದೆ. ಚಿಕ್ಕಪ್ಪ ಪೂರ್ತಿ ಚಾರ್ಟ್ ಬರೆದು ಕಳಿಸಿದರು. ತೆರೆದು ನೋಡಿದೆ. 118 ಸಾಲು. ‘ಆದರೆ’, ‘ಇಲ್ಲದಿದ್ದರೆ’, ‘ಆದರೆ’, ‘ಇಲ್ಲದಿದ್ದರೆ’. ಕೊನೆಯಲ್ಲಿ ಹದಿನಾಲ್ಕು ‘ಮುಗಿಯಿತು’ ಸಾಲಾಗಿ ನಿಂತಿದ್ದವು. ಹಳೇ ಸ್ಪ್ರೆಡ್‌ಶೀಟಿನ ಒಂಬತ್ತು ಇಫ್‌ಗೆ ಕನ್ನಡದ ಬಟ್ಟೆ ತೊಡಿಸಿದ ಹಾಗಿತ್ತು. ನಾನು ನನ್ನ ಇಂಟರ್‌ಪ್ರಿಟರ್ ಚಿಕ್ಕದು ಮಾಡಿಕೊಂಡು ಭಾರವೆಲ್ಲಾ ಚಿಕ್ಕಪ್ಪನ ಹೆಬ್ಬೆರಳಿಗೆ ಹೊರಿಸಿದ್ದೆ.

ಮೊದಲು ‘ಸರಿಯಾದ’ ದಾರಿ ಹಿಡಿದೆ. ಲೂಆದಲ್ಲಿ ಟೇಬಲ್ ಅಂತ ಒಂದೇ ರಚನೆ ಇದೆ. ಪಟ್ಟಿಯೂ ಅದೇ, ಡಿಕ್ಷನರಿಯೂ ಅದೇ, ಆಬ್ಜೆಕ್ಟ್ ಬೇಕೆಂದರೆ ಅದೂ ಅದರಿಂದಲೇ. ಒಂದು ಗಟ್ಟಿ ಸಾಮಾನು ಕೊಡು, ಉಳಿದದ್ದು ಬಳಸುವವರು ಕಟ್ಟಿಕೊಳ್ಳಲಿ ಅನ್ನುವ ನೀತಿ. ಹಾಗೇ ಪಟ್ಟಿ ಸೇರಿಸಿದೆ. ಪಟ್ಟಿ ಬಂದ ಮೇಲೆ ಅದರಲ್ಲಿ ಹುಡುಕಲು ಲೂಪ್ ಬೇಕು. ಹಸುವಿಗೂ ಎಮ್ಮೆಗೂ ಎರಡೆರಡು ಸಲ ಬರೆಯದಿರಲು ಫಂಕ್ಷನ್ ಬೇಕು. ಫಂಕ್ಷನ್ ಬಂದ ಮೇಲೆ ಒಳಗಿನ ಹೆಸರು ಹೊರಗೆ ಕಾಣಬೇಕೋ ಬೇಡವೋ? ಒಳಗೆ ಪಟ್ಟಿ ತಿದ್ದಿದರೆ ಹೊರಗಿನ ಪಟ್ಟಿ ಬದಲಾಗಬೇಕೋ? ಲೂಪ್ ನಿಲ್ಲದಿದ್ದರೆ? ಒಂದೊಂದನ್ನೂ ಸೇರಿಸಲು ಒಂದೊಂದು ಸಂಜೆ ಸಾಕಾಯಿತು. ಒಂದಕ್ಕೊಂದು ಹೊಂದಿಸಲು ಮೂರು ವಾರ ಹೋಯಿತು. ಗೋ ಭಾಷೆ 2009ರಲ್ಲಿ ಹೊರಬಂತು. ಜೆನೆರಿಕ್ಸ್ (ಒಂದೇ ಕೋಡ್ ಬೇರೆ ಬೇರೆ ಬಗೆಯ ಬೆಲೆಗಳಿಗೆ ಆಗುವಂತೆ ಬರೆಯುವ ಸೌಲಭ್ಯ) ಬೇಕು ಅಂತ ಶುರುವಿನಿಂದಲೂ ಜನ ಕೇಳುತ್ತಿದ್ದರು. ಬಂದದ್ದು 2022ರ ಮಾರ್ಚ್‌ನಲ್ಲಿ, 1.18ನೇ ಆವೃತ್ತಿಯಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯಿತು ಅಂತ ಮೊದಲು ಗೊಣಗಿದವರಲ್ಲಿ ನಾನೂ ಒಬ್ಬ.

ಅಷ್ಟೆಲ್ಲಾ ಮಾಡಿ ಚಿಕ್ಕಪ್ಪನ ಚಾರ್ಟನ್ನು ನಾನೇ ಬರೆದುನೋಡಿದೆ. 40 ಸಾಲು. ಅದರಲ್ಲಿ ಹದಿನೈದು ಸಾಲು ಚಾರ್ಟಿಗೆ ಸಂಬಂಧವೇ ಇಲ್ಲದ ಹುಡುಕಾಟ. ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಇದ್ರಲ್ಲಿ ನನ್ನ ಚಾರ್ಟ್ ಎಲ್ಲಿದೆ?’

ಗೋಡೆ ಮೇಲಿತ್ತು. ಎರಡು ಕಾಲಮ್. ಎಡಗಡೆ ಫ್ಯಾಟ್, ಬಲಗಡೆ ರೂಪಾಯಿ. ಹಾಗೇ ಬರೆದರೆ ಆಗುವುದಿಲ್ಲವೇ?

ಚಾರ್ಟ್ ಹಸುದರ
  3.0: 30.50
  3.5: 32.00
  4.0: 34.25
ಮುಗಿಯಿತು

ದರ = ಹಸುದರ(ಫ್ಯಾಟ್)

ಅರ್ಥ ಇಷ್ಟೇ: ಕೊಟ್ಟ ಸಂಖ್ಯೆಯನ್ನು ಮೀರದ ಕೊನೆಯ ಮೆಟ್ಟಿಲಿನ ದರ ಕೊಡು. 3.8 ಫ್ಯಾಟ್ ಬಂದರೆ 32.00. ಮೊದಲ ಮೆಟ್ಟಿಲಿಗಿಂತ ಕಡಿಮೆ ಬಂದರೆ ಊಹಿಸಬೇಡ, ‘2.8ಕ್ಕೆ ಚಾರ್ಟ್‌ನಲ್ಲಿ ದರ ಇಲ್ಲ’ ಅಂತ ಹೇಳಿ ನಿಲ್ಲು. ಮೆಟ್ಟಿಲು ಏರುಕ್ರಮದಲ್ಲಿ ಇಲ್ಲದಿದ್ದರೂ ನಿಲ್ಲು.

ಇದು ಹಾಲಿನ ಲೆಕ್ಕ ಬಿಟ್ಟು ಬೇರೆಲ್ಲೂ ಅಷ್ಟು ಉಪಯೋಗಕ್ಕೆ ಬಾರದ ಫೀಚರ್. ಭಾಷೆ ಕಟ್ಟುವವರು ಮೂಗು ಮುರಿಯುವಂಥದ್ದು. ಆದರೆ ಇಂಟರ್‌ಪ್ರಿಟರ್‌ನಲ್ಲಿ 45 ಸಾಲು, ಚಿಕ್ಕಪ್ಪನ 118 ಸಾಲು 37ಕ್ಕೆ ಇಳಿಯಿತು. ಅದರಲ್ಲಿ 28 ಸಾಲು ಗೋಡೆಯಲ್ಲಿದ್ದದ್ದೇ.

ಕರೆಯುವ ರೀತಿ ಬೇರೆ ಮಾಡಬಹುದಿತ್ತು. ‘ಹಸುದರ(ಫ್ಯಾಟ್)’ ಅಂತ ಬ್ರಾಕೆಟ್ ಹಾಕಲು ಕಾರಣ, ‘ದುಂಡು(ಮೊತ್ತ)’, ‘ದೊಡ್ಡದು(ಅ, ಆ)’ ಎಂಬ ಎರಡು ಒಳ-ಫಂಕ್ಷನ್‌ಗಳಿಗೆ ಅದೇ ಬರಹ ಆಗಲೇ ಇತ್ತು. ಹೊಸದು ಕಲಿಯಬೇಕಿಲ್ಲ. ಬಳಸುವವರಿಗೆ ಚಾರ್ಟ್ ಕೂಡ ಒಂದು ಫಂಕ್ಷನ್ನೇ. ತಾವೇ ಫಂಕ್ಷನ್ ಬರೆಯುವ ಅಗತ್ಯವೂ ಅಲ್ಲಿಗೆ ಹೋಯಿತು.

ಆಮೇಲೆ ಲೂಪ್, ಪಟ್ಟಿ, ಫಂಕ್ಷನ್, ಮೂರನ್ನೂ ಕಿತ್ತೆ. ಈ ಸಲ ಬೇಜಾರಾಗಲಿಲ್ಲ. ವಿರ್ತ್ 1980ರ ದಶಕದ ಕೊನೆಯಲ್ಲಿ ಒಬೆರಾನ್ ಎಂಬ ಭಾಷೆ ಮಾಡುವಾಗ ತಮ್ಮದೇ ಹಿಂದಿನ ಭಾಷೆ ಮಾಡ್ಯುಲಾ-2ರಲ್ಲಿದ್ದ ‘ಫಾರ್’ ಲೂಪನ್ನೇ ತೆಗೆದುಹಾಕಿದ್ದರು. ಬಳಕೆಯಲ್ಲಿ ಅದರಿಂದ ಅಷ್ಟೇನೂ ಲಾಭ ಇಲ್ಲ ಅಂತ. ಮುಂದೆ ಒಬೆರಾನ್-2ರಲ್ಲಿ ‘ಫಾರ್’ ವಾಪಸ್ ಬಂತು. ಹಾಗಾಗಿ ನಾನೂ ಕಿತ್ತ ಕೋಡನ್ನು ಗಿಟ್‌ನಲ್ಲಿ (ಕೋಡಿನ ಹಳೇ ರೂಪಗಳನ್ನು ಕಾಪಾಡುವ ಸಾಧನ) ಒಂದು ಪಕ್ಕದ ಬ್ರಾಂಚಿನಲ್ಲಿ ಇಟ್ಟಿದ್ದೇನೆ. ಹೇಳಲಾಗುವುದಿಲ್ಲ.

ನೋಟ್‌ಬುಕ್

ಈಗ ಏನೇ ಆಸೆ ಬಂದರೂ ಮೊದಲು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಚಿಕ್ಕಪ್ಪ ಅದೇ ಕಡೆ ಮೂರು ಸಲ ಎಡವಿದರೆ ಮಾತ್ರ ಕೋಡ್ ತೆರೆಯುತ್ತೇನೆ. ಲೂಆದ ಮೂವರೂ ಒಪ್ಪಿದರೆ ಮಾತ್ರ ಹೊಸದು ಸೇರುತ್ತಿತ್ತಂತೆ. ಪೈಥಾನ್‌ನಲ್ಲಿ ‘:=’ ಸೇರಿಸುವ ವಿಚಾರಕ್ಕೆ ನಡೆದ ಜಗಳದ ನಂತರ 2018ರ ಜುಲೈನಲ್ಲಿ ಆ ಭಾಷೆ ಹುಟ್ಟುಹಾಕಿದ ಗೀಡೊ ವಾನ್ ರೋಸಮ್ ಕೊನೆಯ ಮಾತು ಹೇಳುವ ಜಾಗವನ್ನೇ ಬಿಟ್ಟರು. ನಮ್ಮಲ್ಲಿ ಇಬ್ಬರೇ. ಒಬ್ಬರು ಚಿಕ್ಕಪ್ಪ.

ನೋಟ್‌ಬುಕ್‌ನಲ್ಲಿ ಸದ್ಯ ಒಂಬತ್ತು ಸಾಲಿವೆ. ಆರು ನನ್ನವು. ಒಂದಕ್ಕೂ ಮೂರು ಗೀಟು ಬಿದ್ದಿಲ್ಲ.

ಸಮಯ ಹೆಚ್ಚು ತಿಂದದ್ದು ಎರರ್ ಸಂದೇಶಗಳು. ‘5ನೇ ಸಾಲಿನ ಆದರೆಗೆ ಮುಗಿಯಿತು ಸಿಗಲಿಲ್ಲ.’ ‘ಲಿಟರ್ ಅಂತ ಹೆಸರಿಲ್ಲ. ಲೀಟರ್ ಇದೆ, ಅದೇನಾ?’ ಇಂಥ 23 ಸಂದೇಶಗಳಿವೆ. ಇಡೀ ಪಾರ್ಸರ್‌ಗಿಂತ ಇವುಗಳ ಕೋಡೇ ಜಾಸ್ತಿ. ಚಿಕ್ಕಪ್ಪನಿಗೆ ಭಾಷೆ ಅಂದರೆ ಹೆಚ್ಚಾಗಿ ಇವೇ.

ಎರಡು ಬಟವಾಡೆ ಪುಸ್ತಕ, ಪಾವು ಎರಡರಲ್ಲೂ ಹಾಕಿ ತಾಳೆ ನೋಡಿದೆವು. 44 ಮೊತ್ತದಲ್ಲಿ 43 ಹೊಂದಿದವು. ಹೊಂದದ ಒಂದರಲ್ಲಿ ಪುಸ್ತಕದ ಕೂಡಿಕೆಯೇ ತಪ್ಪಿತ್ತು. ಚಿಕ್ಕಪ್ಪ ಆ ಮನೆಗೆ ಹೋಗಿ 60 ರೂಪಾಯಿ ಕೊಟ್ಟು ಬಂದರು.

ಕಳೆದ ಭಾನುವಾರ ಫೋನ್ ಮಾಡಿದ್ದರು. ‘ಅಲ್ವೋ, ಆ ಇಲ್ಲದಿದ್ದರೆ ಅನ್ನೋದು ಟೈಪ್ ಮಾಡೋಕೆ ಬೆರಳು ನೋಯುತ್ತೆ. ಒತ್ತಕ್ಷರ ಬೇರೆ. ಇಲ್ಲಾಂದ್ರೆ ಅಂತ ಹಾಕು.’ ಇದು ಮೂರನೇ ಸಲ. ನೋಟ್‌ಬುಕ್‌ನಲ್ಲಿ ಎರಡು ಗೀಟು ಆಗಲೇ ಇದ್ದವು.

‘ಎರಡೂ ಇರಲಿ ಬಿಡಿ ಚಿಕ್ಕಪ್ಪ, ಯಾವುದು ಬರೆದರೂ ನಡೆಯುತ್ತೆ’ ಅಂದೆ.

‘ಎರಡ್ಯಾಕೆ? ಆಮೇಲೆ ನಿಮ್ಮ ಚಿಕ್ಕಮ್ಮ ನೋಡಿದ್ರೆ ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳ್ತಾಳೆ. ಹಳೇದು ತೆಗೆದುಹಾಕು.’

ತೆಗೆದುಹಾಕಿದೆ. ಇಂಟರ್‌ಪ್ರಿಟರ್‌ನಲ್ಲಿ ಒಂದು ಪದ, ಚಿಕ್ಕಪ್ಪನ ಫೈಲಿನಲ್ಲಿ ಎರಡು ಕಡೆ, ಟೆಸ್ಟ್‌ಗಳಲ್ಲಿ ಹನ್ನೊಂದು ಕಡೆ. ಒಟ್ಟು ಕೀವರ್ಡ್ ಈಗಲೂ ಏಳೇ: ಆದರೆ, ಇಲ್ಲಾಂದ್ರೆ, ಮುಗಿಯಿತು, ಬರೆ, ಚಾರ್ಟ್, ಮತ್ತು, ಅಥವಾ.